ತಕ್ಕಡಿಯ ಮುಖ ತಿರುಗಿಸಿದ ಮೇಲೆ

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ಹದಿನಾಲ್ಕು ವರ್ಷದಿಂದ ರೈಟರ್ ಆಗಿದ್ದೇನೆ. ಬೆಳಗ್ಗೆ ಹಾಜರಿ, ಸಂಜೆ ತೂಕ, ವಾರದ ಕೊನೆಗೆ ಬಟವಾಡೆ. ಕೊಯ್ಲು ಶುರುವಾಯಿತೆಂದರೆ ನಮ್ಮ ಕಡೆ ಎಲ್ಲರದೂ ಒಂದೇ ಮಾತು: ಆಳು ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ. ನಾನೂ ಹಾಗೇ ಹೇಳಿಕೊಂಡು ಬಂದವನು. ಕೂಲಿಯಲ್ಲಿ ಸುತ್ತಿನ ತೋಟಗಳಿಗಿಂತ ನಾವು ಕಡಿಮೆ ಇರಲಿಲ್ಲ. ಆದರೂ ಅರೇಬಿಕಾ ಕಾಫಿ ಮುಗಿದು ರೋಬಸ್ಟಾ ಹಣ್ಣಾಗುವ ಹೊತ್ತಿಗೆ ಅರ್ಧ ಗುಂಪು ಬೇರೆ ತೋಟದ ಜೀಪು ಹತ್ತಿರುತ್ತಿತ್ತು.

ಕಾರಣ ಗೊತ್ತಾದದ್ದು ಒಂದು ಡಿಸೆಂಬರ್ ಸಂಜೆ, ಅರೇಬಿಕಾ ತೂಗುವಾಗ. ನಮ್ಮದು ಮರದ ಕೊಂಬೆಗೆ ನೇತುಹಾಕುವ ಮುಳ್ಳಿನ ತಕ್ಕಡಿ. ಪುಸ್ತಕದಲ್ಲಿ ಬರೆಯುವವನು ನಾನಾದ್ದರಿಂದ ಅದರ ಮುಖ ನನ್ನ ಕಡೆಗಿರುತ್ತಿತ್ತು. ಎಷ್ಟೋ ವರ್ಷದಿಂದ ನಮ್ಮಲ್ಲಿ ಹಣ್ಣು ಕೊಯ್ಯುವ ಒಬ್ಬ ಅಕ್ಕ ಚೀಲ ಇಳಿಸಿ, ಜಗಳದ ದನಿಯಿಲ್ಲದೆ ಹೇಳಿದರು: "ರೈಟ್ರೇ, ಆ ಮುಳ್ಳು ಯಾವಾಗಲೂ ನಿಮ್ಮನ್ನೇ ನೋಡ್ತದೆ. ನಾವು ಅದರ ಬೆನ್ನು ನೋಡಿ ಮನೆಗೆ ಹೋಗೋದು."

ಬೇಕೆಂದು ಸುಳ್ಳು ತೂಕ ಬರೆಯುವವನು ನಾನಲ್ಲ. ಆದರೆ ಚೀಲದ ಭಾರ, ಇಬ್ಬನಿ ನೀರು, ಎಲೆ ಕಸ ಎಂದು ಚೀಲಕ್ಕೆ ಎರಡು ಕಿಲೋ ಮುರಿಯುತ್ತಿದ್ದೆ. ಹಳೆಯ ರೈಟರಿಂದ ಕಲಿತದ್ದು ಹಾಗೆ. ಅವತ್ತು ರಾತ್ರಿ ಸ್ಟೋರಿಗೆ ಹೋಗಿ ಖಾಲಿ ಗೋಣಿಚೀಲ ತೂಗಿದೆ. ಒಂದು ಕಿಲೋ ತುಂಬಲಿಲ್ಲ. ಅಂದರೆ ಎರಡು ಚೀಲ ತಂದವರಿಗೆ ದಿನಕ್ಕೆ ಎರಡು ಕಿಲೋಗೂ ಮೇಲೆ ಕಡಿಮೆ ಬರೆಯುತ್ತಿದ್ದೆ, ಅದೂ ವರ್ಷಗಟ್ಟಲೆ. ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಮಾರನೆಯ ದಿನ ತಕ್ಕಡಿಯ ಮುಖ ಅವರ ಕಡೆ ತಿರುಗಿಸಿದೆ. ಎಲ್ಲರ ಎದುರು ಖಾಲಿ ಚೀಲ ತೂಗಿ, ಬಂದಷ್ಟನ್ನೇ ಕಳೆದೆ. ತೂಕ ಗಟ್ಟಿಯಾಗಿ ಓದಿ, ಅಂಕಿ ಬರೆದ ಚೀಟಿ ಅವರವರ ಕೈಗೆ ಕೊಟ್ಟೆ. ಅಸ್ಸಾಮಿನಿಂದ ಬಂದವರಿಗೆ ನಮ್ಮ ಮಾತು ಬರದಿದ್ದರೂ ಅಂಕಿ ಓದಲು ಬರುತ್ತದೆ. ಮಧ್ಯಾಹ್ನ ಊಟಕ್ಕೆ ಮೊದಲೂ ಒಮ್ಮೆ ತೂಗುವುದೆಂದು ಮಾಡಿದೆವು. ಇದರಿಂದ ಸಂಜೆ ಸಾಲಿನಲ್ಲಿ ಮುಕ್ಕಾಲು ಗಂಟೆ ಕಾಯುವುದು ತಪ್ಪಿತು. ಮನೆಗೆ ಹೋಗಿ ಒಲೆ ಹಚ್ಚಬೇಕಾದವರಿಗೆ ಆ ಮುಕ್ಕಾಲು ಗಂಟೆ ಎಷ್ಟು ದೊಡ್ಡದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಬಿ.ಕಾಂ. ಓದುವಾಗ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞನ ಪಾಠವಿತ್ತು. ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಎಂಜಿನಿಯರು, ಅಕೌಂಟೆಂಟರನ್ನು ಮಾತಾಡಿಸಿ 1959ರಲ್ಲಿ ಅವನು ಹೇಳಿದ್ದಿಷ್ಟು: ಸಂಬಳ, ಮೇಲ್ವಿಚಾರಣೆ, ಕೆಲಸದ ಜಾಗ ಕೆಟ್ಟಿದ್ದರೆ ಜನ ಬೇಸರಪಡುತ್ತಾರೆ, ಸರಿಮಾಡಿದರೆ ಬೇಸರ ಹೋಗುತ್ತದೆ, ಅಷ್ಟೇ. ತೃಪ್ತಿ ಬರುವುದು ಸಾಧಿಸಿದ್ದರಿಂದ, ಅದನ್ನು ಇನ್ನೊಬ್ಬರು ಗುರುತಿಸಿದ್ದರಿಂದ, ಹೊಣೆ ಸಿಕ್ಕಿದ್ದರಿಂದ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಕಣದಲ್ಲಿ ನಿಂತು ನೋಡಿದರೆ ನನಗೆ ಈ ಎರಡು ಬೇರೆಬೇರೆಯಾಗಿ ಕಾಣುವುದಿಲ್ಲ. ಚೀಟಿಯ ಅಂಕಿ ಕೂಲಿಯೂ ಹೌದು, ಇಡೀ ದಿನದ ಕೈಚಳಕಕ್ಕೆ ಸಿಕ್ಕ ಲೆಕ್ಕವೂ ಹೌದು. ಮೊದಲ ವಾರ ಕೆಲವರು ಚೀಟಿಗಳನ್ನು ರವಿಕೆಯೊಳಗೆ ಇಟ್ಟುಕೊಂಡು, ಬಟವಾಡೆಯ ದಿನ ಒಂದೊಂದಾಗಿ ಬಿಚ್ಚಿ ನನ್ನ ಪುಸ್ತಕದ ಪಕ್ಕ ಇಟ್ಟರು. ಎಲ್ಲವೂ ಕೂಡಿತು. ಮುಂದಿನ ವಾರ ಯಾರೂ ತರಲಿಲ್ಲ.

ಹಸಿರು ಕಾಯಿಯದು ಇನ್ನೊಂದು ಗೋಳು. ಕಿಲೋ ಲೆಕ್ಕದ ಕೂಲಿಯಲ್ಲಿ ಕೈ ಓಡಬೇಕು, ಓಡುವ ಕೈಗೆ ಹಣ್ಣು ಕಾಯಿ ಒಂದೇ. ದಂಡ ಹಾಕಿ ನೋಡಿದ್ದೆ; ಕಾಯಿ ಚೀಲದ ತಳ ಸೇರಿತು, ಮೇಲೆ ಹಣ್ಣು ಬಂತು. ಆಮೇಲೆ ಒಂದು ಮಧ್ಯಾಹ್ನ ಎಲ್ಲರನ್ನೂ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಹತ್ತಿರ ಕರೆದುಕೊಂಡು ಹೋದೆ. ವರ್ಷಗಳಿಂದ ಕೊಯ್ದವರಲ್ಲಿ ಎಷ್ಟೋ ಜನ ಅದು ಓಡುವುದನ್ನು ಕಂಡೇ ಇರಲಿಲ್ಲ. ಹಣ್ಣು ಸಿಪ್ಪೆ ಬಿಟ್ಟು ಬೀಜ ಜಾರುವುದು, ಕಾಯಿ ಸಿಪ್ಪೆ ಬಿಡದೆ ಜಜ್ಜಿಹೋಗುವುದು, ಎರಡನ್ನೂ ಕಣ್ಣಾರೆ ನೋಡಿದರು. ಈಗ ತೂಕಕ್ಕೆ ಮೊದಲು ಟಾರ್ಪಾಲಿನ ಮೇಲೆ ಸುರಿದು ಅವರೇ ಕಾಯಿ ಹೆಕ್ಕುತ್ತಾರೆ. ಅದಕ್ಕೆ ಕಿಲೋಗೆ ಸ್ವಲ್ಪ ಹೆಚ್ಚು ಕೊಡಲು ಸಾಹುಕಾರರನ್ನು ಒಪ್ಪಿಸಿದೆ. ಉದುರು ಕಾಫಿ ಹೆಕ್ಕುವ ಕೆಲಸವನ್ನಂತೂ ದಿನಗೂಲಿಗೆ ಹಾಕಿಬಿಟ್ಟೆ. ಅದನ್ನು ತೂಕಕ್ಕೆ ಕೊಟ್ಟರೆ ನಾಲ್ಕು ಕಾಳಿಗೆ ಯಾರು ಬಗ್ಗುತ್ತಾರೆ? ನೆಲದಲ್ಲಿ ಬಿಟ್ಟ ಕಾಳಿನಲ್ಲಿ ಕಾಯಿಕೊರಕ ಹುಳ ಉಳಿದು ಮುಂದಿನ ಫಸಲಿಗೆ ಏರುತ್ತದೆ.

ಆನೆಯ ವಿಷಯ ಹೇಳದಿದ್ದರೆ ಇದು ಕೊಡಗಿನ ಮಾತಾಗುವುದಿಲ್ಲ. ಮಾಲ್ದಾರೆ, ಚೆನ್ನಯ್ಯನಕೋಟೆ ಕಡೆ ಆನೆಗಳು ತೋಟದೊಳಗೇ ಬೀಡುಬಿಡುತ್ತವೆ. ಹೆದರಿಕೊಂಡು ಕೊಯ್ಯುವವರು ರಸ್ತೆ ಬದಿಯ ಸಾಲು ಬಿಟ್ಟು ಒಳಗೆ ಹೋಗುವುದಿಲ್ಲ. ಅದನ್ನು ಸೋಮಾರಿತನ ಎಂದು ನಾನು ಬೈದದ್ದುಂಟು. ಈಗ ಬೆಳಗ್ಗೆ ಇಬ್ಬರು ಹೋಗಿ ಲದ್ದಿ, ಹೆಜ್ಜೆ ನೋಡಿ ಬಂದ ಮೇಲೇ ಆ ದಿನ ತೋಟದ ಯಾವ ಬ್ಲಾಕ್ ಕೊಯ್ಯಬೇಕೆಂದು ಹೇಳುತ್ತೇನೆ. ಅರ್ಧ ಗಂಟೆ ತಡವಾಗುತ್ತದೆ. ಆದರೆ ಒಳಗಿನ ಗಿಡದಲ್ಲಿ ಈಗ ಹಣ್ಣು ಉಳಿಯುವುದಿಲ್ಲ.

ಹೆಂಗಸರು ದಿನವಿಡೀ ನೀರು ಮುಟ್ಟದೆ ಕೊಯ್ಯುವುದನ್ನು ನಾನು ಗಮನಿಸಿಯೇ ಇರಲಿಲ್ಲ. ನನ್ನ ಹೆಂಡತಿ ಹೇಳಿದಳು. ದೂರದ ಬ್ಲಾಕಿನಲ್ಲಿ ಮರೆ ಇಲ್ಲ, ಅದಕ್ಕೇ ಕುಡಿಯುತ್ತಿರಲಿಲ್ಲ. ತೋಟ ಕಾರ್ಮಿಕರಿಗೆ ಕುಡಿಯುವ ನೀರು, ಹೆಂಗಸರಿಗೆ ಬೇರೆ ಶೌಚಾಲಯ ಎಂದು 1951ರ ಪ್ಲಾಂಟೇಶನ್ ಕಾಯ್ದೆಯೇ ಬರೆದಿತ್ತು. ಗುಂಡಿ ತೋಡಿ, ಸುತ್ತ ತಗಡು ನಿಲ್ಲಿಸಿ, ಒಂದು ಡ್ರಮ್ ನೀರು ಇಡಲು ನಮಗೆ ಹಿಡಿದದ್ದು ಎರಡೇ ದಿನ.

ಹೋದ ಕೊಯ್ಲಿನಲ್ಲಿ ಜೀಪು ಹತ್ತಿ ಹೋದವರು ನಾಲ್ಕೇ ಜನ. ತೂಕ ಓದುವ ಕೆಲಸ ಈಗ ಆ ಅಕ್ಕನದು. ಅವರು ಓದುತ್ತಾರೆ, ನಾನು ಬರೆಯುತ್ತೇನೆ. ಕಾರ್ಮಿಕರು ಇರುವ ಲೈನ್ ಮನೆಗಳ ಮಾಡು ಮಾತ್ರ ಇನ್ನೂ ಸೋರುತ್ತದೆ. ಹೆಂಚು ಬದಲಿಸಲು ಸಾಹುಕಾರರು ಮೂರು ಮನೆಗೆ ಒಪ್ಪಿದ್ದಾರೆ, ಉಳಿದ ಐದಕ್ಕೆ ಕೇಳುತ್ತಲೇ ಇದ್ದೇನೆ. ಜೂನ್ ಮಳೆ ಹಿಡಿಯುವ ಮೊದಲು ಆಗಬೇಕು.