ಐವಿಎಫ್ ಆದ್ಮೇಲೆ ಬೀಟಾ ರಿಪೋರ್ಟ್: ನಾನು ನೋಡಿದ್ದು ಹೀಗೆ

ನಂದು ಫ್ರೆಶ್ ಟ್ರಾನ್ಸ್‌ಫರ್, ಅಂದ್ರೆ ಭ್ರೂಣನ ಫ್ರೀಜ್ ಮಾಡದೆ ಅದೇ ಸಲ ಗರ್ಭಕೋಶಕ್ಕೆ ಬಿಟ್ಟಿದ್ದು. ಡಾಕ್ಟ್ರು ಹೇಳಿದ ತಾರೀಖಿಗೇ ಬೀಟಾ ಎಚ್‌ಸಿಜಿ (ಗರ್ಭ ನಿಂತಾಗ ಬರೋ ಹಾರ್ಮೋನ್ ರಕ್ತದಲ್ಲಿ ಎಷ್ಟಿದೆ ಅಂತ ನೋಡೋ ಟೆಸ್ಟು) ಮಾಡಿಸ್ದೆ, ಅದಕ್ಕಿಂತ ಮುಂಚೆ ಮನೇಲಿ ಸ್ಟ್ರಿಪ್ ಮುಟ್ಟಲಿಲ್ಲ. ಯಾಕಂದ್ರೆ ಮೊಟ್ಟೆ ತೆಗೆಯೋಕೆ ಮುಂಚೆ ನಂಗೆ ಕೊಟ್ಟ ಟ್ರಿಗರ್ ಇಂಜೆಕ್ಷನ್ನೂ ಎಚ್‌ಸಿಜಿನೇ, ಅದು ಹತ್ತು ಹದಿನಾಲ್ಕು ದಿನ ಮೈಯಲ್ಲಿ ಉಳಿಬಹುದು, ಎರಡು ಗೆರೆ ಬಂದ್ರೂ ಗರ್ಭದ್ದಾ ಇಂಜೆಕ್ಷನ್ನಿಂದಾ ಗೊತ್ತಾಗಲ್ಲ.

ಮೊದಲ ರಿಪೋರ್ಟ್ 112 ಬಂತು. 5ಕ್ಕಿಂತ ಕಮ್ಮಿ ನೆಗೆಟಿವ್, 25ರ ಮೇಲೆ ಪಾಸಿಟಿವ್, ನಡುವೆ ಬಂದ್ರೆ ಮತ್ತೆ ಟೆಸ್ಟು. ಆದ್ರೆ ಒಂದು ನಂಬರ್ ಇಟ್ಕೊಂಡು ಏನೂ ಹೇಳಕ್ಕಾಗಲ್ಲ, 48 ಗಂಟೆ ಬಿಟ್ಟು ಎಷ್ಟು ಏರಿದೆ ಅನ್ನೋದೇ ಮುಖ್ಯ. ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗ್ ಕೆಳಗೇ ಲ್ಯಾಬ್ ಇದೆ, ಆದ್ರೂ ಎರಡನೇ ಸಲಾನೂ ಲೋಕಲ್ ಹತ್ತಿ ದಾದರ್‌ನ ಅದೇ ಲ್ಯಾಬಿಗೇ ಹೋದೆ, ಲ್ಯಾಬಿಂದ ಲ್ಯಾಬಿಗೆ ಕಿಟ್ ಬೇರೆ ಇರತ್ತೆ, ಅದೇ ರಕ್ತಕ್ಕೂ ನಂಬರ್ ಬೇರೆ ಬರಬಹುದು.

ಎರಡನೇದು 205. ಹುಬ್ಬಳ್ಳಿಯಿಂದ ಅಕ್ಕ ಫೋನಲ್ಲಿ "ಡಬಲ್ ಆಗಿಲ್ವಲ್ಲೇ" ಅಂತ ಅಳೋದೊಂದು ಬಾಕಿ. ರಿಪೋರ್ಟ್ ಹಿಂದೆನೇ ಲೆಕ್ಕ ಹಾಕ್ದೆ: 1500ರ ಒಳಗಿರುವಾಗ 48 ಗಂಟೇಲಿ ಕನಿಷ್ಠ 49 ಪರ್ಸೆಂಟ್ ಏರ್ಬೇಕು ಅಂತಾರೆ, ಅಂದ್ರೆ 167 ದಾಟಿದ್ರೆ ಆಯ್ತು, ನಂದು 83 ಪರ್ಸೆಂಟ್ ಏರಿತ್ತು. ಅಷ್ಟು ಏರದಿದ್ರೆ ಡಾಕ್ಟ್ರು ಮತ್ತೆ ಮತ್ತೆ ನೋಡ್ತಾರೆ. ಚೆನ್ನಾಗಿ ಏರಿದ್ರೂ ಗರ್ಭ ಟ್ಯೂಬಲ್ಲಿ ನಿಂತಿರೋ ಸಾಧ್ಯತೆ ಪೂರ್ತಿ ಹೋಗಲ್ಲ, ಅದಕ್ಕೇ ಹೊಟ್ಟೆ ಒಂದೇ ಪಕ್ಕ ನೋವು, ಬ್ಲೀಡಿಂಗ್, ಭುಜದಲ್ಲಿ ನೋವು, ತಲೆ ಸುತ್ತು ಏನಾದ್ರೂ ಬಂದ್ರೆ ರಿಪೋರ್ಟ್ ನೋಡ್ತಾ ಕೂರಬೇಡಿ ದಯವಿಟ್ಟು, ತಕ್ಷಣ ಹಾಸ್ಪಿಟಲಿಗೆ ಹೋಗಿ.

ಗರ್ಭ ಉಳಿಯೋಕೆ ಬೇಕಾದ ಹಾರ್ಮೋನ್ ಪ್ರೊಜೆಸ್ಟೆರಾನ್ ಬಗ್ಗೇನೂ ತುಂಬಾ ಜನ ಗಾಬರಿ ಆಗ್ತಾರೆ. ಕೆಳಗಿಂದ (ಯೋನಿಯೊಳಗೆ) ಇಡೋ ಅದರ ಮಾತ್ರೆ ನೇರವಾಗಿ ಗರ್ಭಕೋಶಕ್ಕೇ ಹೆಚ್ಚು ಹೋಗತ್ತೆ, ಹಾಗಾಗಿ ರಕ್ತದಲ್ಲಿ ಕಮ್ಮಿ ಕಾಣಬಹುದು. ಸ್ತನದಲ್ಲಿ ನೋವು, ಸುಸ್ತು ಇವು ಆ ಮಾತ್ರೆಯಿಂದ್ಲೂ ಬರಬಹುದು, ಅದನ್ನ ನೋಡಿ ಗರ್ಭ ನಿಂತಿದೆ, ನಿಂತಿಲ್ಲ ಅಂತ ತೀರ್ಮಾನ ಮಾಡಕ್ಕಾಗಲ್ಲ. ಡಾಕ್ಟ್ರು ಹೇಳೋವರೆಗೂ ನಾನು ಒಂದು ಡೋಸೂ ಬಿಡಲಿಲ್ಲ.

ಆರನೇ ವಾರ ದಾಟಿದ್ಮೇಲೆ ಸ್ಕ್ಯಾನಲ್ಲಿ ಹಾರ್ಟ್‌ಬೀಟ್ ಕಾಣಿಸ್ತು. ಅಲ್ಲಿಂದ ಬೀಟಾ ಮಾಡಿಸ್ಲಿಲ್ಲ, ಅದು 8ರಿಂದ 11ನೇ ವಾರದ ಹೊತ್ತಿಗೆ ತುದಿ ಮುಟ್ಟಿ ಆಮೇಲೆ ತಾನಾಗೇ ಇಳಿಯತ್ತೆ, ಆಗ ಸ್ಕ್ಯಾನ್ ಹೇಳಿದಷ್ಟು ನಂಬರ್ ಹೇಳಲ್ಲ.