ಕರ್ನಲ್ ಏಳುವ ಮೊದಲು ಮೆಮೊರಿ ಯಾರದ್ದು? ಬೂಟ್‌ಲೋಡರ್ ಬರೆದ ನನ್ನ ಅನುಭವ

ವರ್ಚುವಲ್ ಮಷೀನ್‌ನಲ್ಲಿ ಮಾತ್ರ ಓಡುವ ಒಂದು ಚಿಕ್ಕ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮೇಲೆ ಕೆಲಸ ಮಾಡುತ್ತಿದ್ದೇನೆ. ಅದನ್ನು ಎಬ್ಬಿಸುವ ಬೂಟ್‌ಲೋಡರನ್ನೂ ನಾನೇ ಬರೆದೆ, ರಸ್ಟ್‌ನಲ್ಲಿ, ಸ್ಟ್ಯಾಂಡರ್ಡ್ ಲೈಬ್ರರಿ ಇಲ್ಲದೆ. ಎಲ್ಫ್ ಫೈಲ್ (ಓಡಿಸಬಹುದಾದ ಪ್ರೋಗ್ರಾಂ ಇರುವ ಫೈಲ್) ಓದುವುದು, ಪೇಜ್ ಟೇಬಲ್ (ವಿಳಾಸಗಳನ್ನು ಪೇಜ್ ಅನ್ನುವ 4 ಕೆಬಿ ತುಂಡುಗಳ ಲೆಕ್ಕದಲ್ಲಿ ಮೆಮೊರಿಗೆ ಜೋಡಿಸುವ ಕೋಷ್ಟಕ) ಕಟ್ಟುವುದು, 64 ಬಿಟ್ ಮೋಡ್‌ಗೆ ಹೋಗುವುದು, ಇವಕ್ಕೆಲ್ಲ ಓದಲು ಬೇಕಾದಷ್ಟು ಸಿಗುತ್ತದೆ. ಮೆಮೊರಿ ಹಂಚಿಕೆಯ ವಿಷಯ ಬಂದಾಗ ಮಾತ್ರ ಒಂದು ಬಂಪ್ ಅಲೊಕೇಟರ್ (ಒಂದು ಗುರುತನ್ನು ಮುಂದೆ ಸರಿಸುತ್ತಾ ಸಾಲಾಗಿ ಜಾಗ ಕೊಡುವ ಸರಳ ವಿಧಾನ) ಹಾಕಿಕೊಳ್ಳಿ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಜಾಸ್ತಿ ಯೋಚನೆ ಮಾಡಿಸಿದ್ದು ಅದೇ ಭಾಗ. ಹಾಗಾಗಿ ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹಿನ್ನೆಲೆ. ಲೋಡರ್ ಒಳಗೆ ಬರಲು ನಾನು ಆರಿಸಿಕೊಂಡ ದಾರಿ ಪಿವಿಎಚ್, ವರ್ಚುವಲ್ ಮಷೀನ್‌ನಲ್ಲಿ ನಮ್ಮ ಕೋಡನ್ನು ನೇರವಾಗಿ ಶುರು ಮಾಡುವ ಒಂದು ವಿಧಾನ. ಇದು ಝೆನ್ ಎಂಬ ವರ್ಚುವಲೈಸೇಶನ್ ಯೋಜನೆಯವರು ರೂಪಿಸಿದ್ದು. ವರ್ಚುವಲ್ ಮಷೀನ್ ಓಡಿಸುವ ಪ್ರೋಗ್ರಾಂ ಕ್ಯೂಎಮುನಲ್ಲಿ, 2019ರಲ್ಲಿ ಬಂದ 4.0 ಆವೃತ್ತಿಯಿಂದ, ಕೆವಿಎಂ (ಲಿನಕ್ಸ್‌ನ ವರ್ಚುವಲೈಸೇಶನ್ ಸೌಲಭ್ಯ) ಗೆಸ್ಟ್‌ಗಳಿಗೂ ಸಿಗುತ್ತಿದೆ. ಗೆಸ್ಟ್ ಅಂದರೆ ಒಳಗೆ ಓಡುವ ವರ್ಚುವಲ್ ಮಷೀನ್, ಹೋಸ್ಟ್ ಅಂದರೆ ಅದನ್ನು ಓಡಿಸುವ ನಿಜವಾದ ಮಷೀನ್. ಎಲ್ಫ್ ಫೈಲ್‌ನಲ್ಲಿ ಒಂದು ನೋಟ್ ಇಟ್ಟರೆ ಸಾಕು, 32 ಬಿಟ್ ಮೋಡ್‌ನಲ್ಲಿ, ಪೇಜಿಂಗ್ ಇಲ್ಲದೆ, ಇಬಿಎಕ್ಸ್ ರಿಜಿಸ್ಟರ್‌ನಲ್ಲಿ ಒಂದು ಪಾಯಿಂಟರ್ ಹಿಡಿದುಕೊಂಡು ನಮ್ಮ ಕೋಡ್ ಶುರುವಾಗುತ್ತದೆ. ಆ ಪಾಯಿಂಟರ್ ತೋರಿಸುವ ಕಡೆ ಕಮಾಂಡ್ ಲೈನ್, ಮಾಡ್ಯೂಲ್‌ಗಳ (ಜೊತೆಗೆ ಲೋಡ್ ಆಗುವ ಫೈಲ್‌ಗಳ) ಪಟ್ಟಿ, ಮೆಮೊರಿ ಮ್ಯಾಪ್ ಇವೆಲ್ಲ ಇರುತ್ತವೆ. ನಿಜವಾದ ಕರ್ನಲನ್ನು ನಾನು ಮಾಡ್ಯೂಲ್ ಆಗಿ ಕೊಡುತ್ತೇನೆ, ಅಂದರೆ ಕ್ಯೂಎಮುಗೆ ಇನಿಟ್‌ಆರ್‌ಡಿ (ಲಿನಕ್ಸ್ ಶುರುವಿನಲ್ಲಿ ಬಳಸುವ ಫೈಲ್‌ಗಳ ಕಟ್ಟು) ಅಂತ ಕೊಡುವ ಜಾಗದಲ್ಲಿ. ಯುಇಎಫ್‌ಐ (ಈಗಿನ ಕಂಪ್ಯೂಟರ್‌ಗಳ ಫರ್ಮ್‌ವೇರ್ ಮಾನದಂಡ) ದಾರಿ ಹಿಡಿದಿದ್ದರೆ ಫರ್ಮ್‌ವೇರೇ, ಅಂದರೆ ಯಂತ್ರದೊಳಗೇ ಇರುವ ಶುರುವಿನ ಸಾಫ್ಟ್‌ವೇರೇ, ಪೇಜ್ ಹಂಚಿಕೊಡುತ್ತಿತ್ತು. ಆದರೆ ನನಗೆ ಬೂಟ್ ಬೇಗ ಆಗಬೇಕಿತ್ತು, ನಡುವೆ ದೊಡ್ಡ ಫರ್ಮ್‌ವೇರ್ ಬೇಡವಾಗಿತ್ತು.

ಈಗ ಮ್ಯಾಪ್ ನೋಡೋಣ. 512 ಎಂಬಿ ಕೊಟ್ಟು ಹಳೆಯ ಪಿಸಿ ಮಾದರಿಯ ಮಷೀನ್ ಎಬ್ಬಿಸಿದರೆ ಕಾಣುವುದು ಹೀಗೆ. 0ಯಿಂದ 639 ಕೆಬಿವರೆಗೆ ಬಳಸಬಹುದು. ಅಲ್ಲಿಂದ 640 ಕೆಬಿವರೆಗೆ ಮುಟ್ಟಬಾರದು. 960 ಕೆಬಿಯಿಂದ 1 ಎಂಬಿವರೆಗೆ ಬಯಾಸ್‌ನದ್ದು (ಪಿಸಿಯ ಹಳೆಯ ಬಗೆಯ ಫರ್ಮ್‌ವೇರ್), ಅದನ್ನೂ ಮುಟ್ಟಬಾರದು. 1 ಎಂಬಿಯಿಂದ ಸುಮಾರು 512 ಎಂಬಿವರೆಗೆ ಬಳಸಬಹುದು, ತುದಿಯಲ್ಲಿ 128 ಕೆಬಿ ಎಸಿಪಿಐ (ಹಾರ್ಡ್‌ವೇರ್ ವಿವರ ಹೇಳುವ) ಟೇಬಲ್‌ಗಳಿಗೆ ಮೀಸಲು. ಇದನ್ನು ನೋಡಿದರೆ 1 ಎಂಬಿಯಿಂದ ಆರಾಮಾಗಿ ಹಂಚುತ್ತಾ ಹೋಗಬಹುದು ಅನ್ನಿಸುತ್ತದೆ, ಅಲ್ವಾ? ಆದರೆ 1 ಎಂಬಿಯಲ್ಲಿ ನಮ್ಮ ಲೋಡರೇ ಕೂತಿದೆ. 512 ಎಂಬಿಯ ತುದಿಯ ಹತ್ತಿರ ಕ್ಯೂಎಮು ನಮ್ಮ ಕರ್ನಲ್ ಫೈಲನ್ನು ಇಟ್ಟಿದೆ. ಎರಡೂ ಜಾಗ ಮ್ಯಾಪ್‌ನಲ್ಲಿ ಖಾಲಿ ಅಂತಲೇ ಇವೆ!

ಮ್ಯಾಪ್ ತಪ್ಪಲ್ಲ. ಅದು ಹೇಳುವುದು ಎಲ್ಲೆಲ್ಲಿ ರ‍್ಯಾಮ್ ಇದೆ ಅನ್ನುವುದನ್ನು ಮಾತ್ರ. ಆ ರ‍್ಯಾಮ್‌ನಲ್ಲಿ ಈಗ ಯಾರು ಕೂತಿದ್ದಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಯಾವ ಪೇಜ್ ಯಾರದ್ದು ಅಂತ ಮೊದಲ ಬಾರಿಗೆ ಪಹಣಿ ಬರೆಯುವ ಕೆಲಸ ಲೋಡರ್‌ನದ್ದೇ. ಇದು ತಲೆಗೆ ಹೋದ ಮೇಲೆ ನನ್ನ ಅಲೊಕೇಟರ್‌ನ ರೂಪವೇ ಬದಲಾಯಿತು. ಪೇಜ್ ಕೊಡುವುದು ಅದರ ಚಿಕ್ಕ ಕೆಲಸ. ಯಾರು ಎಲ್ಲಿದ್ದಾರೆ ಅನ್ನುವ ಲೆಕ್ಕ ಇಟ್ಟು, ಕೊನೆಗೆ ಅದನ್ನು ಕರ್ನಲ್‌ಗೆ ಒಪ್ಪಿಸುವುದೇ ಅದರ ದೊಡ್ಡ ಕೆಲಸ.

ಎರಡು ಪಟ್ಟಿ ಇಟ್ಟುಕೊಂಡೆ. ಒಂದು, ಇರುವ ರ‍್ಯಾಮ್. ಇನ್ನೊಂದು, ಈಗಾಗಲೇ ಯಾರಿಗೋ ಹೋಗಿರುವ ಜಾಗ. ಲಿನಕ್ಸ್‌ನಲ್ಲಿ ಬೂಟ್ ಸಮಯದ ಮೆಮ್‌ಬ್ಲಾಕ್ ಕೂಡ ಇದೇ ರೀತಿ ಎರಡು ಪಟ್ಟಿ ಇಟ್ಟುಕೊಳ್ಳುತ್ತದೆ, ಶುರುವಿನಲ್ಲಿ ಒಂದೊಂದಕ್ಕೂ 128 ಸಾಲು. ನನಗೆ 64 ಸಾಲು ಸಾಕಾಯಿತು. ಒಂದು ಸಾಲಿನಲ್ಲಿ ಶುರು, ಕೊನೆ, ಮತ್ತು ಯಾರದ್ದು ಅನ್ನುವ ಗುರುತು. 24 ಬೈಟ್‌ನಂತೆ 64 ಸಾಲಿಗೆ 1,536 ಬೈಟ್, ಅದೂ ಲೋಡರ್‌ನ ಸ್ವಂತ ಬಿಎಸ್‌ಎಸ್‌ನಲ್ಲಿ (ಪ್ರೋಗ್ರಾಂ ಒಳಗೇ ಮೊದಲೇ ಗೊತ್ತುಮಾಡಿದ, ಸೊನ್ನೆಯಿಂದ ಶುರುವಾಗುವ ಜಾಗ). ಹೀಪ್ (ಓಡುವಾಗ ಬೇಕಾದಷ್ಟು ಕೇಳಿ ಪಡೆಯುವ ಮೆಮೊರಿ) ಬೇಕಾಗಿಲ್ಲ. ಹೀಪ್ ಕಟ್ಟಲು ಮೆಮೊರಿ ಬೇಕು, ಮೆಮೊರಿ ಕೊಡಲು ಪಟ್ಟಿ ಬೇಕು, ಪಟ್ಟಿಗೆ ಹೀಪ್ ಬೇಕು ಅನ್ನುವ ಸುತ್ತಿನಿಂದ ಹೊರಬರಲು ಇಷ್ಟೇ ಸಾಕು. ಜಾಗ ವಾಪಸ್ ಪಡೆಯುವ ಫಂಕ್ಷನ್ನೂ ಬರೆಯಲಿಲ್ಲ. ಲೋಡರ್ ಬದುಕುವುದೇ ಕೆಲವು ಮಿಲಿಸೆಕೆಂಡ್. ವಾಪಸ್ ಕೊಡಬೇಕಾದ್ದಕ್ಕೆ ಗುರುತು ಹಾಕಿ ಕೊಟ್ಟರೆ ಕರ್ನಲ್ಲೇ ತೆಗೆದುಕೊಳ್ಳುತ್ತದೆ.

ಶುರುವಾದ ತಕ್ಷಣ, ಒಂದು ಪೇಜನ್ನೂ ಹಂಚುವ ಮೊದಲು, ಇವೆಲ್ಲ ಎರಡನೇ ಪಟ್ಟಿಗೆ ಹೋಗುತ್ತವೆ: ಲೋಡರ್‌ನ ಕೋಡ್, ಡೇಟಾ, ಬಿಎಸ್‌ಎಸ್, ಸ್ಟ್ಯಾಕ್, ಮಾಡ್ಯೂಲ್, 1 ಎಂಬಿಯ ಕೆಳಗಿನ ಪೂರ್ತಿ ಜಾಗ. ಪಾಯಿಂಟರ್ ತೋರಿಸಿದ ರಚನೆ, ಕಮಾಂಡ್ ಲೈನ್ ಮತ್ತು ಮ್ಯಾಪನ್ನು ಮಾತ್ರ ಮೊದಲೇ ನನ್ನ ಬಿಎಸ್‌ಎಸ್‌ಗೆ ಕಾಪಿ ಮಾಡಿಕೊಂಡೆ, ಆಮೇಲೆ ಅವು ಎಲ್ಲಿದ್ದವು ಅನ್ನುವ ಚಿಂತೆಯೇ ಇಲ್ಲ. 1 ಎಂಬಿಯ ಕೆಳಗಿನದ್ದನ್ನು ಬಿಡಲು ಗಟ್ಟಿ ಕಾರಣ ಇದೆ. ಕರ್ನಲ್ ಉಳಿದ ಸಿಪಿಯುಗಳನ್ನು ಎಬ್ಬಿಸುವಾಗ ಕಳಿಸುವ ಸಿಗ್ನಲ್‌ನಲ್ಲಿ ಪೇಜ್ ನಂಬರಿಗೆ ಇರುವುದು 8 ಬಿಟ್ ಮಾತ್ರ. ಅಂದರೆ ಆ ಸಿಪಿಯುಗಳು ಓಡಿಸುವ ಮೊದಲ ಕೋಡ್ 1 ಎಂಬಿಯ ಕೆಳಗೇ ಇರಬೇಕು. ಲೋಡರ್ ಅಲ್ಲಿ ಟೇಬಲ್‌ಗಳನ್ನು ಚೆಲ್ಲಿಬಿಟ್ಟರೆ ಕರ್ನಲ್‌ಗೆ ಜಾಗ ಹುಡುಕುವ ತಲೆನೋವು. ಸುಮ್ನೆ ಬಿಟ್ಟುಬಿಡುವುದೇ ಒಳ್ಳೆಯದು.

ರೌಂಡ್ ಮಾಡುವಾಗ ದಿಕ್ಕು ಮುಖ್ಯ. ಬಳಸಬಹುದಾದ ಜಾಗವನ್ನು ಒಳಮುಖವಾಗಿ, ಕಾಯ್ದಿರಿಸಿದ್ದನ್ನು ಹೊರಮುಖವಾಗಿ. ಮೇಲೆ ಹೇಳಿದ 639 ಕೆಬಿ ನೋಡಿ, ಅದು 4 ಕೆಬಿಗೆ ಸರಿಯಾಗಿ ಭಾಗವಾಗುವುದಿಲ್ಲ. ಬಳಸಬಹುದಾದದ್ದು 636ಕ್ಕೇ ನಿಲ್ಲಬೇಕು. ಅದನ್ನು 640ಕ್ಕೆ ಏರಿಸಿದರೆ ಬಯಾಸ್‌ನ 1 ಕೆಬಿ ಮೇಲೆ ನಮ್ಮ ಹಕ್ಕು ಸಾಧಿಸಿದಂತೆ. ಎರಡು ಸಾಲು ಒಂದರ ಮೇಲೊಂದು ಬಿದ್ದರೆ ಯಾವಾಗಲೂ ಕಾಯ್ದಿರಿಸಿದ್ದೇ ಗೆಲ್ಲಬೇಕು.

ಮಾಡ್ಯೂಲ್ ಎಲ್ಲಿರುತ್ತದೆ ಅನ್ನುವುದನ್ನು ಊಹಿಸಲೂ ಹೋಗಬೇಡಿ. ಪಿವಿಎಚ್‌ನಲ್ಲಿ ಬಂದರೆ ಕ್ಯೂಎಮು ಅದನ್ನು ಕೆಳಗಿನ ರ‍್ಯಾಮ್‌ನ ತುದಿಯಲ್ಲಿ ಇಡುತ್ತದೆ. ಅದೇ ಲೋಡರನ್ನು ಮಲ್ಟಿಬೂಟ್ (ಬೂಟ್ ಮಾಡುವ ಇನ್ನೊಂದು ಮಾನದಂಡ) ರೀತಿಯಲ್ಲಿ ಕೊಟ್ಟರೆ ಲೋಡರ್ ಮುಗಿದ ಪಕ್ಕದ ಪೇಜ್‌ನಲ್ಲೇ ಇಡುತ್ತದೆ. ತನ್ನ ಕೊನೆಯ ಬೈಟ್‌ನಿಂದ ಮುಂದೆ ಹಂಚುತ್ತಾ ಹೋಗುವ ಬಂಪ್ ಅಲೊಕೇಟರ್ ಮೊದಲನೆಯದರಲ್ಲಿ ಚೆನ್ನಾಗಿ ಓಡುತ್ತದೆ, ಎರಡನೆಯದರಲ್ಲಿ ತಾನೇ ಲೋಡ್ ಮಾಡಬೇಕಾದ ಕರ್ನಲ್ ಮೇಲೆ ಪೇಜ್ ಟೇಬಲ್ ಬರೆದುಬಿಡುತ್ತದೆ. ಪಟ್ಟಿ ಇದ್ದರೆ ಎರಡಕ್ಕೂ ಒಂದೇ ಕೋಡ್.

ಇನ್ನು ಎಲ್ಲಿಂದ ಹಂಚಬೇಕು? ಇಲ್ಲಿ ವರ್ಚುವಲ್ ಮಷೀನ್ ಅನ್ನುವುದು ಲೆಕ್ಕಕ್ಕೆ ಬರುತ್ತದೆ, ಮತ್ತು ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗವೂ ಇದೇ. ಗೆಸ್ಟ್‌ಗೆ 512 ಎಂಬಿ ಕೊಟ್ಟಿದ್ದೇವೆ ಅಂದ ಮಾತ್ರಕ್ಕೆ ಹೋಸ್ಟ್ ಅಷ್ಟನ್ನೂ ಎತ್ತಿ ಇಟ್ಟಿರುವುದಿಲ್ಲ. ಗೆಸ್ಟ್ ಒಂದು ಪೇಜನ್ನು ಮೊದಲ ಸಲ ಮುಟ್ಟಿದಾಗ ಇಪಿಟಿಯಲ್ಲಿ (ಗೆಸ್ಟ್‌ನ ವಿಳಾಸವನ್ನು ಹೋಸ್ಟ್‌ನ ಮೆಮೊರಿಗೆ ಜೋಡಿಸುವ ಟೇಬಲ್‌ನಲ್ಲಿ) ಫಾಲ್ಟ್ ಆಗಿ, ಹೋಸ್ಟ್ ಆಗ ನಿಜವಾದ ಪೇಜ್ ಕೊಡುತ್ತದೆ. ಹೋಸ್ಟ್‌ನಲ್ಲಿ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ (ತಾನಾಗಿಯೇ ದೊಡ್ಡ ಪೇಜ್ ಕೊಡುವ ಸೌಲಭ್ಯ) ಚಾಲ್ತಿಯಲ್ಲಿದ್ದರೆ, ಗೆಸ್ಟ್ 4 ಕೆಬಿ ಮುಟ್ಟಿದರೂ ಅತ್ತ 2 ಎಂಬಿ ಹೋಗಬಹುದು. ಅಂದರೆ ಲೋಡರ್ ಒಂದು ಪೇಜ್ ಇಲ್ಲಿ, ಒಂದು ಪೇಜ್ ಅಲ್ಲಿ ಅಂತ ಹರಡಿದರೆ, ಪ್ರತಿಯೊಂದಕ್ಕೂ ಹೋಸ್ಟ್ 2 ಎಂಬಿ ತೆರಬೇಕಾಗುತ್ತದೆ. ಒಂದೇ ಗೆಸ್ಟ್ ಆದರೆ ಗೊತ್ತೂ ಆಗುವುದಿಲ್ಲ. ಒಂದೇ ಹೋಸ್ಟ್ ಮೇಲೆ ನೂರಾರು ಚಿಕ್ಕ ಗೆಸ್ಟ್ ಓಡಿಸುವವರಿಗೆ ಅದು ದೊಡ್ಡ ಮೊತ್ತ.

ಹಾಗಾಗಿ ನಾನು ಹೀಗೆ ಮಾಡಿದೆ. ಕರ್ನಲ್ ಇಮೇಜ್‌ಗೆ ಲೋಡರ್‌ನ ಮೇಲೆ ಸಿಗುವ ಮೊದಲ ಜಾಗ, 2 ಎಂಬಿ ಗಡಿಯಿಂದ ಶುರುವಾಗುವ ಹಾಗೆ. ಉಳಿದ ಚಿಲ್ಲರೆ ಎಲ್ಲಕ್ಕೂ ಮೇಲಿನಿಂದ ಒಂದೇ ಒಂದು 2 ಎಂಬಿ ತುಂಡು, ಅದೂ 2 ಎಂಬಿ ಗಡಿಯಲ್ಲಿ. ಆ ತುಂಡಿನ ಒಳಗೆ ಬೇಕಿದ್ದರೆ ಬಂಪ್ ಅಲೊಕೇಟರ್ ಓಡಲಿ, ತೊಂದರೆ ಇಲ್ಲ. ಲೆಕ್ಕ ಹಾಕಿ ನೋಡಿ: ಕರ್ನಲ್ ಮೆಮೊರಿಯಲ್ಲಿ 7 ಎಂಬಿ ಇದೆ ಅಂದುಕೊಳ್ಳಿ. 4 ಕೆಬಿ ಪೇಜ್‌ಗಳಲ್ಲಿ ಮ್ಯಾಪ್ ಮಾಡಲು ಕೊನೆಯ ಹಂತದ ಟೇಬಲ್ 4, ಮೇಲಿನ ಮೂರು ಹಂತಕ್ಕೆ ಒಂದೊಂದು, ಒಟ್ಟು 7 ಪೇಜ್. ಸ್ಟ್ಯಾಕ್‌ಗೆ 16 ಪೇಜ್, ಕರ್ನಲ್‌ಗೆ ಒಪ್ಪಿಸುವ ಮಾಹಿತಿಗೆ 1. ಒಟ್ಟು 24 ಪೇಜ್, ಅಂದರೆ 96 ಕೆಬಿ. ಒಂದು ತುಂಡಿನಲ್ಲಿ ಧಾರಾಳವಾಗಿ ಹಿಡಿಸುತ್ತದೆ. ನಡುವಿನ ದೊಡ್ಡ ಜಾಗ ಒಡೆಯದೆ ಕರ್ನಲ್‌ಗೆ ಸಿಗುತ್ತದೆ.

ಲೋಡರ್ ಓಡುವಾಗ ಮೊದಲ 4 ಜಿಬಿಯನ್ನು ಇದ್ದ ಹಾಗೇ ಮ್ಯಾಪ್ ಮಾಡಿಕೊಂಡಿರುತ್ತದೆ, 2 ಎಂಬಿ ಪೇಜ್‌ಗಳಲ್ಲಿ. ಅದಕ್ಕೆ ಬೇಕಾದ 6 ಟೇಬಲ್ ಪೇಜ್, 24 ಕೆಬಿ, ಬಿಎಸ್‌ಎಸ್‌ನಲ್ಲೇ ಇವೆ. ಹಾಗಾಗಿ 4 ಜಿಬಿಯ ಮೇಲಿನ ರ‍್ಯಾಮನ್ನು ಲೋಡರ್ ಮುಟ್ಟಲಾರದು. ಕ್ಯೂಎಮುನ ಕ್ಯೂ35 ಮಷೀನ್‌ನಲ್ಲಿ ಗೆಸ್ಟ್‌ಗೆ 4 ಜಿಬಿ ಕೊಟ್ಟರೆ ಕೆಳಗೆ ಇರುವುದು 2 ಜಿಬಿ ಮಾತ್ರ, ಉಳಿದ 2 ಜಿಬಿ 4 ಜಿಬಿ ವಿಳಾಸದಿಂದ ಮೇಲೆ. ನಡುವಿನದ್ದು ಪಿಸಿಐ ಸಾಧನಗಳಿಗೆ. ಮೇಲಿನದ್ದನ್ನು ಹಂಚುವಾಗ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಒಪ್ಪಿಸುವಾಗ ಮಾತ್ರ ಮರೆಯದೆ ಒಪ್ಪಿಸುತ್ತೇನೆ.

ಸೊನ್ನೆ ತುಂಬುವ ವಿಷಯ ಇನ್ನೊಂದು. ಎಲ್ಫ್‌ನ ಪ್ರತಿ ಸೆಗ್ಮೆಂಟ್‌ಗೂ ಫೈಲ್‌ನಲ್ಲಿ ಒಂದು ಅಳತೆ, ಮೆಮೊರಿಯಲ್ಲಿ ಒಂದು ಅಳತೆ. ಮೆಮೊರಿಯ ಅಳತೆ ದೊಡ್ಡದಿದ್ದರೆ ಆ ಹೆಚ್ಚಿನ ಭಾಗವೇ ಬಿಎಸ್‌ಎಸ್. ಜಾಗ ಕೊಡುವಾಗ ಮೆಮೊರಿಯ ಅಳತೆಯನ್ನೇ ನೋಡಬೇಕು, ಉಳಿದದ್ದಕ್ಕೆ ಸೊನ್ನೆ ತುಂಬಬೇಕು. ಪೇಜ್ ಟೇಬಲ್‌ಗೂ ಅಷ್ಟೇ. ಆದರೆ ವರ್ಚುವಲ್ ಮಷೀನ್‌ನಲ್ಲಿ ಸೊನ್ನೆ ತುಂಬದಿದ್ದರೂ ಎಲ್ಲ ಸರಿಯಾಗಿ ನಡೆದಂತೆ ಕಾಣುತ್ತದೆ, ಯಾಕಂದರೆ ಹೋಸ್ಟ್ ಹೊಸದಾಗಿ ಕೊಡುವ ಪೇಜ್ ಸೊನ್ನೆಯಾಗಿಯೇ ಬರುತ್ತದೆ. ಗೆಸ್ಟ್ ಒಳಗಿಂದ ರೀಬೂಟ್ ಮಾಡಿ ನೋಡಿ. ಕ್ಯೂಎಮು ಪ್ರೊಸೆಸ್ ಅದೇ, ರ‍್ಯಾಮ್ ಅದೇ, ಹಳೆಯ ಬರಹವೆಲ್ಲ ಹಾಗೇ ಇರುತ್ತದೆ. ಹಳೆಯ ಕಸದಲ್ಲಿ ಪ್ರೆಸೆಂಟ್ ಬಿಟ್ (ಈ ಸಾಲು ಬಳಕೆಯಲ್ಲಿದೆ ಅನ್ನುವ ಗುರುತು) ಇದ್ದರೆ ಟೇಬಲ್ ಎಲ್ಲೆಲ್ಲಿಗೋ ತೋರಿಸುತ್ತದೆ. ಅದಕ್ಕೇ ಪರೀಕ್ಷೆ ಮಾಡುವ ಬಿಲ್ಡ್‌ನಲ್ಲಿ ಲೋಡರ್ ಮೊದಲು ಖಾಲಿ ಜಾಗಕ್ಕೆಲ್ಲ ಬೇಕೆಂದೇ ಕಸ ತುಂಬಿ ಆಮೇಲೆ ಕೆಲಸ ಶುರು ಮಾಡುವಂತೆ ಮಾಡಿದ್ದೇನೆ. ನಿಜವಾದ ಬಿಲ್ಡ್‌ನಲ್ಲಿ ಬಳಸುವ ಪೇಜ್‌ಗೆ ಮಾತ್ರ ಸೊನ್ನೆ. ಇಡೀ ರ‍್ಯಾಮ್‌ಗೆ ತುಂಬಿದರೆ ಗೆಸ್ಟ್‌ನ ಅಷ್ಟೂ ಮೆಮೊರಿಯನ್ನು ಹೋಸ್ಟ್‌ನಿಂದ ಕಿತ್ತುಕೊಂಡಂತೆ.

ಕೊನೆಯ ಗಂಟು ಒಪ್ಪಿಸುವುದರಲ್ಲಿ. ಮ್ಯಾಪನ್ನು ಬರೆದಿಡಲು ಒಂದು ಪೇಜ್ ಬೇಕು. ಆ ಪೇಜ್ ಪಡೆದರೆ ಮ್ಯಾಪೇ ಬದಲಾಗುತ್ತದೆ. ಯುಇಎಫ್‌ಐನಲ್ಲೂ ಇದೇ ಕಥೆ: ಮ್ಯಾಪ್ ಜೊತೆ ಒಂದು ಕೀ ಕೊಡುತ್ತಾರೆ, ಅದಾದ ಮೇಲೆ ಮ್ಯಾಪ್ ಬದಲಾಗುವಂಥ ಹಂಚಿಕೆ ನಡೆದರೆ ಕೀ ಹಳೆಯದಾಗಿ, ಬೂಟ್ ಸರ್ವಿಸ್‌ನಿಂದ ಹೊರಬರಲು ಬಿಡುವುದಿಲ್ಲ. ನಾನು ರಸ್ಟ್‌ನ ಓನರ್‌ಶಿಪ್ (ಒಂದು ಮೌಲ್ಯಕ್ಕೆ ಒಬ್ಬನೇ ಒಡೆಯ ಅನ್ನುವ ನಿಯಮ) ಬಳಸಿದೆ. ಬೇಕಾದ ಎಲ್ಲ ಪೇಜ್‌ಗಳನ್ನೂ, ಮ್ಯಾಪ್‌ನ ಪೇಜ್ ಸೇರಿ, ಮೊದಲೇ ಪಡೆದುಬಿಡುತ್ತೇನೆ. ಆಮೇಲೆ ಮುದ್ರೆ ಹಾಕುವ ಫಂಕ್ಷನ್ ಅಲೊಕೇಟರನ್ನೇ ನುಂಗಿಬಿಡುತ್ತದೆ ಮತ್ತು ಬದಲಿಗೆ ಬರೀ ಓದಬಹುದಾದ ಪಟ್ಟಿ ಕೊಡುತ್ತದೆ. ಅಲ್ಲಿಂದ ಮುಂದೆ ಯಾರಾದರೂ ಪೇಜ್ ಕೇಳುವ ಕೋಡ್ ಬರೆದರೆ ಅದು ಕಂಪೈಲ್ ಆಗುವುದೇ ಇಲ್ಲ. ಸಿ ಭಾಷೆಯಲ್ಲಾಗಿದ್ದರೆ ಒಂದು ಫ್ಲ್ಯಾಗ್ ಇಟ್ಟು ಓಡುವಾಗ ನೋಡಬೇಕಿತ್ತು. ಕಂಪೈಲರ್ ಮೊದಲೇ ತಡೆಯುವುದು ನನಗೆ ಎಷ್ಟೋ ನೆಮ್ಮದಿ.

ಒಪ್ಪಿಸುವ ಪಟ್ಟಿಯಲ್ಲಿ ಪ್ರತಿ ಜಾಗಕ್ಕೂ ಗುರುತು ಇರುತ್ತದೆ: ಖಾಲಿ, ಫರ್ಮ್‌ವೇರ್‌ನದ್ದು, ಕರ್ನಲ್ ಇಮೇಜ್, ಚಾಲ್ತಿಯಲ್ಲಿರುವ ಪೇಜ್ ಟೇಬಲ್, ಸ್ಟ್ಯಾಕ್ ಮತ್ತು ಬೂಟ್ ಮಾಹಿತಿ, ಮಾಡ್ಯೂಲ್, ಲೋಡರ್. ಕರ್ನಲ್ ತನ್ನದೇ ಪೇಜ್ ಟೇಬಲ್ ಕಟ್ಟಿಕೊಂಡ ಮೇಲೆ ಲೋಡರ್ ಮತ್ತು ಹಳೆಯ ಟೇಬಲ್‌ಗಳ ಜಾಗ ಅದಕ್ಕೇ ಸೇರುತ್ತದೆ. ಮಲ್ಟಿಬೂಟ್ ಮ್ಯಾಪ್‌ನಲ್ಲಿ ಇಂಥ ಗುರುತು ಇಲ್ಲ, ಕರ್ನಲ್ಲೇ ಮಾಡ್ಯೂಲ್ ಪಟ್ಟಿ ನೋಡಿ ಕಳೆದುಕೊಳ್ಳಬೇಕು. ಲಿಮೈನ್ ಎಂಬ ಬೂಟ್‌ಲೋಡರ್‌ನ ಪ್ರೋಟೊಕಾಲ್‌ನಲ್ಲಿ ಲೋಡರ್‌ನ ಜಾಗಕ್ಕೆ ಬೇರೆಯೇ ಗುರುತು ಇದೆ, ನಾನು ಅದೇ ದಾರಿ ಹಿಡಿದೆ. 2018ರಲ್ಲಿ ಅಮೆಜಾನ್ ಹೊರತಂದ, ಚಿಕ್ಕ ವರ್ಚುವಲ್ ಮಷೀನ್ ಓಡಿಸುವ ಫೈರ್‌ಕ್ರಾಕರ್‌ನಲ್ಲಿ ಬೂಟ್‌ಲೋಡರೇ ಇಲ್ಲ, ಈ ಜಾಗ ಗೊತ್ತುಮಾಡುವ ಕೆಲಸವೆಲ್ಲ ಹೋಸ್ಟ್ ಕಡೆಯಿಂದಲೇ ಆಗುತ್ತದೆ: ಕರ್ನಲ್ 1 ಎಂಬಿಯಿಂದ ಮೇಲೆ, ಕಮಾಂಡ್ ಲೈನ್ 128 ಕೆಬಿ ವಿಳಾಸದಲ್ಲಿ. ಜಾಗ ಮೊದಲೇ ಗೊತ್ತು ಮಾಡಿಟ್ಟರೂ ಯಾವುದರ ಮೇಲೆ ಯಾವುದೂ ಬೀಳಬಾರದು ಅನ್ನುವ ಲೆಕ್ಕ ಮಾಡಲೇಬೇಕು.

ಪರೀಕ್ಷೆಯ ಬಗ್ಗೆ ಎರಡು ಮಾತು. ಪಟ್ಟಿಯ ಕೋಡ್‌ಗೆ ಹಾರ್ಡ್‌ವೇರ್ ಬೇಡ, ಅದು ಬರೀ ನಂಬರುಗಳ ಕೆಲಸ. ಹಾಗಾಗಿ ಅದನ್ನು ಬೇರೆ ಕ್ರೇಟ್ (ರಸ್ಟ್‌ನ ಪ್ಯಾಕೇಜ್) ಮಾಡಿ ಲ್ಯಾಪ್‌ಟಾಪ್‌ನಲ್ಲೇ ಟೆಸ್ಟ್ ಓಡಿಸುತ್ತೇನೆ. ಮುಖ್ಯವಾಗಿ ಎರಡು ನಿಯಮ: ಯಾವ ಎರಡು ಸಾಲೂ ಒಂದರ ಮೇಲೊಂದು ಬೀಳಬಾರದು, ಮತ್ತು ಒಪ್ಪಿಸಿದ ತುಂಡುಗಳ ಮೊತ್ತ ಶುರುವಿನಲ್ಲಿ ಸಿಕ್ಕ ರ‍್ಯಾಮ್‌ಗೆ ಪೇಜ್ ಪೇಜೂ ಸರಿಹೊಂದಬೇಕು. ಗೆಸ್ಟ್ ಒಳಗೆ ಟ್ರಿಪಲ್ ಫಾಲ್ಟ್ (ಸಿಪಿಯು ನಿಭಾಯಿಸಲಾಗದೆ ರೀಸೆಟ್ ಆಗುವ ದೋಷ) ಆದರೆ ಕೆವಿಎಂ ಬಿಟ್ಟು ಕ್ಯೂಎಮುನ ಸಾಫ್ಟ್‌ವೇರ್ ಮೋಡ್‌ನಲ್ಲಿ ಓಡಿಸಿ. ಅಲ್ಲಿ ಇಂಟರಪ್ಟ್ ಲಾಗ್ ಆನ್ ಮಾಡಿದರೆ ಮೊದಲ ಫಾಲ್ಟ್‌ನ ವಿಳಾಸ ಕಾಣುತ್ತದೆ, ಕೆವಿಎಂನಲ್ಲಿ ಆ ಲಾಗ್ ಸಿಗುವುದಿಲ್ಲ.

ಈಗ ಇದನ್ನೇ 64 ಬಿಟ್ ಆರ್ಮ್ ಪ್ರೊಸೆಸರ್‌ಗೆ ತರುತ್ತಿದ್ದೇನೆ. ಕ್ಯೂಎಮುನ ವರ್ಟ್ ಮಷೀನ್‌ನಲ್ಲಿ ರ‍್ಯಾಮ್ ಶುರುವಾಗುವುದೇ 1 ಜಿಬಿ ವಿಳಾಸದಿಂದ, 640 ಕೆಬಿ ರಗಳೆ ಇಲ್ಲ. ಮ್ಯಾಪ್ ಬದಲು ಡಿವೈಸ್ ಟ್ರೀ (ಯಂತ್ರದ ಹಾರ್ಡ್‌ವೇರ್ ವಿವರ ಇರುವ ದಾಖಲೆ) ಇರುತ್ತದೆ. ಓದುವ ಭಾಗ ಹೊಸದು, ಪಟ್ಟಿ, ಹಂಚಿಕೆ, ಮುದ್ರೆ ಎಲ್ಲ ಹಳೆಯದೇ. ಡಿವೈಸ್ ಟ್ರೀಯಲ್ಲೇ ಕಾಯ್ದಿರಿಸಿದ ಜಾಗಗಳ ಪಟ್ಟಿ ಇರುತ್ತದೆ, ಆದರೆ ಆ ಪಟ್ಟಿಯಲ್ಲಿ ಡಿವೈಸ್ ಟ್ರೀ ಕೂತಿರುವ ಜಾಗ ಇರಲೇಬೇಕು ಅಂತೇನೂ ಇಲ್ಲ. ಆದ್ದರಿಂದ ಆರ್ಮ್ ಕಡೆಯ ಕೋಡ್ ಎರಡನೇ ಪಟ್ಟಿಗೆ ಬರೆಯುವ ಮೊದಲ ಸಾಲೇ ಅದು.