ನೋವಿಗೆ ಗಡಿಯಾರ, ಕಾಗದಕ್ಕೆ ಅವಳ ಸಹಿ: ಮನೆಯಲ್ಲೇ ಆರೈಕೆ ಮಾಡಿದ ನನ್ನ ಅನುಭವ

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ ಎಂದು ಗೊತ್ತಾದ ಮೇಲೆ ನನ್ನ ಹೆಂಡತಿಯನ್ನು ಮನೆಯಲ್ಲೇ ನೋಡಿಕೊಳ್ಳುತ್ತೇನೆ ಎಂದಾಗ ಒಪ್ಪಿದವರು ಯಾರೂ ಇರಲಿಲ್ಲ. ಮನೆಯಲ್ಲಿ ಇದು ಆಗುವ ಕೆಲಸವಲ್ಲ, ನೋವು ಕೆರಳಿದ ರಾತ್ರಿ ನೀವೇ ಆಂಬುಲೆನ್ಸ್ ಕರೆಯುತ್ತೀರಿ ಎಂದು ವೈದ್ಯರೊಬ್ಬರು ನೇರವಾಗಿಯೇ ಹೇಳಿದರು. ಕೊನೆಯ ಎರಡು ಮೂರು ತಿಂಗಳಲ್ಲಿ ನಾವು ಒಮ್ಮೆಯೂ ತುರ್ತು ವಿಭಾಗದ ಬಾಗಿಲು ತುಳಿಯಲಿಲ್ಲ. ಅವಳು ತನ್ನ ಕೋಣೆಯಲ್ಲಿ, ನೋವು ಹತೋಟಿಯಲ್ಲಿರುವಾಗಲೇ ಹೋದಳು. ಅವಳು ಹೋದ ಮೇಲೆ ನಾನು ಯಾವ ಕಚೇರಿಯಲ್ಲೂ ಅವಳ ಸಹಿಗಾಗಿ ಪರದಾಡಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಓದುವವರಲ್ಲಿ ಹೆಚ್ಚಿನವರು ಈಗಾಗಲೇ ಈ ದಾರಿಯಲ್ಲಿರುವುದರಿಂದ ನಾಲ್ಕನೇ ಹಂತ ಎಂದರೇನು, ಕಿಮೊ ಎಂದರೇನು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ.

ಮೊದಲು ನೋವಿನ ವಿಷಯ. ಅದು ಹತೋಟಿಗೆ ಬರದೆ ಉಳಿದ ಯಾವುದೂ ನಡೆಯುವುದಿಲ್ಲ.

ಶುರುವಿನಲ್ಲಿ ನೋವು ಬಂದಾಗ ಮಾತ್ರೆ ಕೊಡುವ ಪದ್ಧತಿಯಿತ್ತು. ಅದು ಪೂರ್ತಿ ಸೋತಿತು. ನೋವು ಎದ್ದ ಮೇಲೆ ಮಾತ್ರೆ ನುಂಗಿದರೆ ಅದು ಹಿಡಿತಕ್ಕೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತಿತ್ತು. ಆ ಮುಕ್ಕಾಲು ಗಂಟೆ ಅವಳು ಬೆನ್ನು ಬಾಗಿಸಿ, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕೂರುತ್ತಿದ್ದಳು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಯ ಹಂತದ ರೋಗಿಗಳ ಆರೈಕೆ ಕೇಂದ್ರ) ತೆರೆದ ಸಿಸಿಲಿ ಸಾಂಡರ್ಸ್ ಅವರು ನೋವು ಮರುಕಳಿಸುವ ಮೊದಲೇ ಔಷಧಿ ಕೊಡಬೇಕು ಎಂದು ಪಟ್ಟು ಹಿಡಿದವರು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೂ ಅದೇ ಇದೆ: ಸಾಧ್ಯವಾದಷ್ಟು ಬಾಯಿಯ ಮೂಲಕ, ಗಡಿಯಾರದ ಪ್ರಕಾರ, ನೋವು ಏರಿದಂತೆ ಮೆಟ್ಟಿಲು ಮೆಟ್ಟಿಲಾಗಿ ಬಲವಾದ ಔಷಧಿ. ಇದನ್ನು ಉಪಶಮನ ಚಿಕಿತ್ಸೆಯ, ಅಂದರೆ ನೋವು, ನರಳಾಟ ತಗ್ಗಿಸುವ ಚಿಕಿತ್ಸೆಯ ವೈದ್ಯೆಯೊಬ್ಬರು ನನಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿ, ಮಲಗುವ ಮುನ್ನ ಅದರ ಎರಡರಷ್ಟು, ಹಾಗಾಗಿ ನಡುರಾತ್ರಿ ಎಬ್ಬಿಸಬೇಕಾಗಿಲ್ಲ. ನಡುವೆ ನೋವು ನುಗ್ಗಿದರೆ ಹೆಚ್ಚುವರಿ ಡೋಸ್, ಅದು ಇಡೀ ದಿನದ ಮೊತ್ತದ ಸುಮಾರು ಆರನೇ ಒಂದು ಪಾಲು. ಎಷ್ಟು ಮಿಲಿಗ್ರಾಂ ಎಂಬುದು ಪ್ರತಿಯೊಬ್ಬರಿಗೂ ಬೇರೆ, ಅದನ್ನು ನಿಮ್ಮ ವೈದ್ಯರೇ ಹೇಳಬೇಕು. ಆದರೆ ಗಡಿಯಾರವನ್ನು ನೋಡಿಕೊಳ್ಳುವುದು ನಮ್ಮ ಕೆಲಸ.

ಭಾವಮೈದುನ ಬಂದು, "ಭಾವ, ಮಾರ್ಫಿನ್ ಶುರುಮಾಡಿದರೆ ಮುಗಿಯಿತು ಎಂದೇ ಅರ್ಥ" ಎಂದ. ಸರಿಯಾದ ಪ್ರಮಾಣದ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ನಮ್ಮ ಮನೆಯಲ್ಲಿ ನಡೆದದ್ದು ಅದಕ್ಕೆ ತದ್ವಿರುದ್ಧ: ಮೂರು ನಾಲ್ಕು ದಿನ ಮಂಪರಿನಲ್ಲಿದ್ದವಳು ಆಮೇಲೆ ಎದ್ದು ಕುಳಿತು, ತಿಂಗಳುಗಳಿಂದ ಮುಟ್ಟದಿದ್ದ ಲೆಕ್ಕದ ಕಡತ ತರಿಸಿಕೊಂಡಳು. ಭಾವಮೈದುನ ಆ ದಿನ ಎದುರಿಗೇ ಇದ್ದ. ಆಮೇಲೆ ಅವನು ಆ ಮಾತು ಎತ್ತಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಮಾರ್ಫಿನ್ ಜೊತೆ ಮೊದಲ ದಿನದಿಂದಲೇ ಮಲಬದ್ಧತೆಗೆ ಔಷಧಿ ಬೇಕು. ವಾಂತಿ, ಮಂಪರು ಕೆಲವು ದಿನಗಳಲ್ಲಿ ಇಳಿಯುತ್ತವೆ, ಮಲಬದ್ಧತೆ ಇಳಿಯುವುದಿಲ್ಲ. ನನ್ನ ಪರಿಚಯದ ಇಬ್ಬರು ಮಾರ್ಫಿನ್ ಬಿಡಿಸಿದ್ದು ನೋವು ತಗ್ಗಲಿಲ್ಲವೆಂದಲ್ಲ, ಹೊಟ್ಟೆ ಕಟ್ಟಿತೆಂದು. ನನ್ನ ಪುಸ್ತಕದಲ್ಲಿ ಇದಕ್ಕೇ ಒಂದು ಕಾಲಂ ಇತ್ತು.

ಆ ಪುಸ್ತಕದ ಬಗ್ಗೆ ಹೇಳಬೇಕು. ಮೊದಲು ಮೊಬೈಲ್‌ನಲ್ಲಿ ಒಂದು ಆ್ಯಪ್ ಹಾಕಿಕೊಂಡೆವು. ರಾತ್ರಿ ನೋಡಿಕೊಳ್ಳುವವರಿಗೆ ಅದು ತೆರೆಯಲು ಬರಲಿಲ್ಲ. ಆಮೇಲೆ ನೆಂಟರ ವಾಟ್ಸ್ಆ್ಯಪ್ ಗುಂಪು ಮಾಡಿದೆವು. ಅಲ್ಲಿ ಔಷಧಿಯ ಸಮಯಕ್ಕಿಂತ ಸಲಹೆಗಳೇ ಹೆಚ್ಚು ಬಂದವು, ಒಂದೇ ಡೋಸ್ ಅನ್ನು ಇಬ್ಬರು ಕೊಡಲು ಹೊರಟ ಸಂದರ್ಭವೂ ಬಂತು. ಕೊನೆಗೆ ಉಳಿದದ್ದು ಗೆರೆ ಹಾಕಿದ ಒಂದು ನೋಟ್‌ಬುಕ್, ದಾರದಲ್ಲಿ ಕಟ್ಟಿದ ಪೆನ್ನು. ಎಡಪುಟದಲ್ಲಿ ಗಂಟೆ, ಔಷಧಿ, ಕೊಟ್ಟವರ ಹೆಸರು. ಬಲಪುಟದಲ್ಲಿ ಅವಳೇ ಹೇಳಿದ ನೋವಿನ ಅಂಕ, ಸೊನ್ನೆಯಿಂದ ಹತ್ತರವರೆಗೆ. ವೈದ್ಯೆ ಬಂದಾಗ ಆ ಎರಡು ಪುಟ ನೋಡಿ ಐದು ನಿಮಿಷದಲ್ಲಿ ಡೋಸ್ ಬದಲಿಸುತ್ತಿದ್ದರು. ಬಲಪುಟದ ತುದಿಯಲ್ಲಿ ನಾನು ಇನ್ನೊಂದು ಗುರುತು ಹಾಕುತ್ತಿದ್ದೆ, ಅದರಿಂದ ನೋವು ಏರುವ ಮೊದಲೇ ನನಗೆ ಸುಳಿವು ಸಿಗುತ್ತಿತ್ತು. ಅದೇನೆಂದು ಬರೆಯುವುದಿಲ್ಲ. ಅದು ಅವಳ ಮುಖದಲ್ಲಿ ನಾನು ಓದಿದ್ದು, ಇನ್ನೊಬ್ಬರ ಮುಖಕ್ಕೆ ಹೊಂದುವುದಿಲ್ಲ.

ಈಗ ಹಣ. ಮನೆಯ ಲೆಕ್ಕವೆಲ್ಲ ಮೊದಲಿನಿಂದಲೂ ಅವಳ ಕೈಯಲ್ಲಿತ್ತು, ಹಾಗಾಗಿ ಅಂಕಿಗಳು ಅವಳು ಹೇಳಿದ್ದೇ, ನನ್ನ ನೆನಪಿನಿಂದ ಬರೆಯುತ್ತಿದ್ದೇನೆ. ಒಟ್ಟು ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ನಾವು ಮನೆಗೆ ಬರುವ ಮೊದಲೇ ಕರಗಿತ್ತು. ಅದರಲ್ಲೂ ದೊಡ್ಡ ತುತ್ತು ನುಂಗಿದ್ದು ಮೂರನೇ ಬಗೆಯ ಕಿಮೊ ಮತ್ತು ಅದರ ನಡುವೆ ಪದೇ ಪದೇ ಮಾಡಿಸಿದ ಸ್ಕ್ಯಾನ್‌ಗಳು. ಪಕ್ಕಾ ಗುಣವಾಗುತ್ತದೆ ಎಂದು ಪುಡಿ ಮಾರಿದವನೊಬ್ಬ ಒಂದು ತಿಂಗಳ ಸಂಬಳದಷ್ಟು ಕಿತ್ತುಕೊಂಡ. ನೆಂಟರೊಬ್ಬರು ಕೈಹಿಡಿದು ಕರೆದುಕೊಂಡು ಹೋದರು, ಇಲ್ಲವೆನ್ನಲು ಆಗಲಿಲ್ಲ. ಆ ಪುಡಿಯ ಡಬ್ಬ ಅರ್ಧವೂ ಖಾಲಿಯಾಗಲಿಲ್ಲ.

ಮನೆಗೆ ಬಂದ ಮೇಲಿನ ಕಾಲು ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ರಾತ್ರಿ ಆರೈಕೆಯವರ ಸಂಬಳಕ್ಕೆ ಹೋಯಿತು. ಮಾರ್ಫಿನ್ ಖರ್ಚು ಲೆಕ್ಕಕ್ಕೇ ಬರಲಿಲ್ಲ. ಮಲಗುವ ಮುನ್ನದ ದುಪ್ಪಟ್ಟು ಡೋಸ್ ಒಗ್ಗಿದ ಮೇಲೆ ಅವಳು ಬೆಳಗಿನ ತನಕ ನಿದ್ದೆ ಮಾಡತೊಡಗಿದಳು, ನಾನು ವಾರದ ನಾಲ್ಕು ರಾತ್ರಿ ಆರೈಕೆಯವರನ್ನು ಬಿಡಿಸಿದೆ. ಮಂಚ, ಗಾಳಿ ಹಾಸಿಗೆ, ಗಾಲಿಕುರ್ಚಿ ಎಲ್ಲವೂ ಬಾಡಿಗೆಗೆ. ಆಮ್ಲಜನಕದ ಯಂತ್ರವನ್ನು ಮಾತ್ರ ನೆಂಟರ ಒತ್ತಾಯಕ್ಕೆ ಕೊಂಡೆವು, ಅದು ಮೂಲೆಯಲ್ಲಿ ಕುಳಿತೇ ಇತ್ತು. ಅವಳ ರಕ್ತದಲ್ಲಿ ಆಮ್ಲಜನಕ ಸಾಕಷ್ಟಿತ್ತು, ಆದರೂ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಅದಕ್ಕೆ ಕೆಲಸ ಮಾಡಿದ್ದು ಅಂಗೈಯಗಲದ ಬ್ಯಾಟರಿ ಫ್ಯಾನ್. ಮುಖದಿಂದ ಗೇಣುದ್ದ ದೂರದಲ್ಲಿ ಹಿಡಿದು ಮೂಗು, ಕೆನ್ನೆ, ಮೇಲ್ದುಟಿಗೆ ಗಾಳಿ ಬೀಸಿದರೆ ಉಸಿರಿನ ದಿಗಿಲು ಇಳಿಯುತ್ತದೆ. ಉಸಿರಾಟದ ತೊಂದರೆಗೆ ಫ್ಯಾನ್ ನೆರವಾಗುತ್ತದೆ ಎಂದು ಪರೀಕ್ಷಿಸಿ ನೋಡಿದ ಅಧ್ಯಯನಗಳೂ ಇವೆ. ನಾನು ದೊಡ್ಡ ಟೇಬಲ್ ಫ್ಯಾನನ್ನೂ, ಕಿಟಕಿ ತೆರೆದಿಡುವುದನ್ನೂ, ಒದ್ದೆ ಬಟ್ಟೆ ಒತ್ತುವುದನ್ನೂ ಒಂದೊಂದು ದಿನ ಪ್ರಯೋಗ ಮಾಡಿದೆ. ಕೈಯಲ್ಲಿ ಹಿಡಿಯುವ ಫ್ಯಾನೇ ಗೆದ್ದಿತು. ಗುಂಡಿ ಒತ್ತುವುದು ಅವಳ ಕೈಯಲ್ಲೇ ಇತ್ತು, ಅದೂ ಒಂದು ಕಾರಣವಿರಬೇಕು.

ಹಾಸಿಗೆ ಹುಣ್ಣಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇದೆ. ಕೊನೆಯವರೆಗೂ ಒಂದೇ ಒಂದು ಹುಣ್ಣು ಬಾಯಿ ಬಿಡಲಿಲ್ಲ. ಉಂಗುರದ ಆಕಾರದ ದಿಂಬು ಕೊಳ್ಳಬೇಡಿ, ಅದು ಸುತ್ತಲಿನ ಚರ್ಮದ ರಕ್ತಸಂಚಾರವನ್ನೇ ತಡೆಯುತ್ತದೆ. ಕೆಂಪಾದ ಜಾಗವನ್ನು ತಿಕ್ಕಬೇಡಿ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ, ಅದಕ್ಕೇ ಬೆನ್ನ ಹಿಂದೆ ದಿಂಬಿಟ್ಟು ಮೂವತ್ತು ಡಿಗ್ರಿಯಷ್ಟೇ ವಾಲಿಸುತ್ತಿದ್ದೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡುತ್ತಿದ್ದೆ. ಗಾಳಿ ಹಾಸಿಗೆ ಇದ್ದರೂ ಹೊರಳಿಸುವುದು ತಪ್ಪುವುದಿಲ್ಲ. ನಮ್ಮ ಮೊದಲ ಹಾಸಿಗೆಯ ಪಂಪು ಗೊರಗೊರ ಸದ್ದು ಮಾಡುತ್ತಿತ್ತು, ಅವಳಿಗೆ ನಿದ್ದೆ ಹತ್ತಲಿಲ್ಲ, ಬದಲಿಸಿದೆವು. ಬಾಡಿಗೆಗೆ ತರುವಾಗ ಪಂಪನ್ನು ಅಲ್ಲೇ ಹಾಕಿಸಿ ಕಿವಿಗೊಟ್ಟು ಕೇಳಿ.

ಊಟದ ವಿಷಯಕ್ಕೆ ಮನೆಯಲ್ಲಿ ಹೆಚ್ಚು ಜಗಳವಾಯಿತು. ತಿನ್ನದಿದ್ದರೆ ಶಕ್ತಿ ಎಲ್ಲಿಂದ ಬರಬೇಕು ಎಂದು ಅತ್ತೆ ಅಳುತ್ತಿದ್ದರು. ಹಸಿವು ಸತ್ತದ್ದು ರೋಗದ ಕೆಲಸ, ಅವಳ ಹಠವಲ್ಲ. ಒತ್ತಾಯದ ತುತ್ತು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಡ್ರಿಪ್ ಹಾಕಿಸಿ ಎಂದರು. ಕೊನೆಯ ದಿನಗಳಲ್ಲಿ ಹಾಕಿದ ದ್ರವ ಕಾಲಿನ ಬಾವಾಗಿ, ಗಂಟಲಿನ ಕಫವಾಗಿ ನಿಲ್ಲಬಹುದು ಎಂದು ವೈದ್ಯೆಯೇ ಕುಳಿತು ಅತ್ತೆಗೆ ವಿವರಿಸಿದರು. ಅತ್ತೆಗೆ ನಾನು ಬಾಯಿಯ ಆರೈಕೆಯ ಹೊಣೆ ಕೊಟ್ಟೆ: ಸ್ಪಂಜಿನ ಕಡ್ಡಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ನಾಲಿಗೆ, ಒಸಡು ಒರೆಸುವುದು, ತುಟಿಗೆ ಜಿಡ್ಡು ಸವರುವುದು, ಎಚ್ಚರವಿರುವಾಗ ಐಸ್ ಚೂರು ಕೊಡುವುದು. ಉಣಿಸಲಾಗದ ಕೈಗೆ ಮಾಡಲು ಒಂದು ಕೆಲಸ ಸಿಕ್ಕಿತು, ಜಗಳ ನಿಂತಿತು. ಈ ಉಪಾಯ ನನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ.

ಕಿಮೊ ನಿಲ್ಲಿಸಿದ್ದು ಕೈಚೆಲ್ಲಿದಂತೆ ಎಂದವರಿಗೆ ನಾನು ಒಂದು ಅಧ್ಯಯನ ತೋರಿಸುತ್ತಿದ್ದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಿಂದ 2010ರಲ್ಲಿ ಪ್ರಕಟವಾದದ್ದು. ಹರಡಿದ ಶ್ವಾಸಕೋಶ ಕ್ಯಾನ್ಸರ್‌ನ ರೋಗಿಗಳಲ್ಲಿ ಮೊದಲಿನಿಂದಲೇ ಉಪಶಮನ ಚಿಕಿತ್ಸೆಯನ್ನೂ ಪಡೆದವರು ಕೊನೆಯ ಹಂತದಲ್ಲಿ ಉಗ್ರ ಚಿಕಿತ್ಸೆಗೆ ಕಡಿಮೆ ಒಳಗಾದರು, ಹಾಗಿದ್ದೂ ಉಳಿದವರಿಗಿಂತ ಎರಡು ತಿಂಗಳಿಗೂ ಹೆಚ್ಚು ಕಾಲ ಜಾಸ್ತಿ ಬದುಕಿದರು. ಅದು ಬೇರೆ ಕ್ಯಾನ್ಸರ್, ಗೊತ್ತು. ಬಾಯಿ ಮುಚ್ಚಿಸಲು ಅಷ್ಟು ಸಾಕಾಯಿತು.

ಇನ್ನು ಕಾಗದಪತ್ರ. ನೋವು ಹತೋಟಿಗೆ ಬಂದ ಮೊದಲ ವಾರದಲ್ಲೇ ಅವಳು, "ಈಗ ಕುಳಿತುಕೊಳ್ಳಿ, ನನಗೆ ತಲೆ ನೆಟ್ಟಗಿರುವಾಗಲೇ ಮುಗಿಸೋಣ" ಎಂದಳು. ಇಂಥ ಮಾತು ಎತ್ತಬಾರದು, ರೋಗಿಯ ಮನಸ್ಸು ಕುಗ್ಗುತ್ತದೆ ಎಂದು ಎಲ್ಲರೂ ನನ್ನನ್ನು ತಡೆದಿದ್ದರು. ಕುಗ್ಗಲಿಲ್ಲ. ದಿನಕ್ಕೆ ಒಂದು ಗಂಟೆ, ಬೆಳಗಿನ ಡೋಸ್ ಹಿಡಿದ ಮೇಲೆ, ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಯಾವ ಖಾತೆ ಎಲ್ಲಿದೆ, ಯಾವ ವಿಮೆಯ ಕಂತು ಯಾವಾಗ, ಯಾರಿಗೆ ಕೊಟ್ಟ ಸಾಲ ಬರಬೇಕು, ಮಗಳಿಗೆಂದು ತೆಗೆದಿಟ್ಟದ್ದು ಯಾವುದು. ಅವಳ ಹೆಸರಿನಲ್ಲಷ್ಟೇ ಇದ್ದ ಖಾತೆಗಳನ್ನು ಇಬ್ಬರಲ್ಲಿ ಉಳಿದವರು ನಡೆಸಬಹುದಾದ ಜಂಟಿ ಖಾತೆಗಳಾಗಿ ಮಾಡಿಸಿದೆವು. ಹಳೆಯ ಪಾಲಿಸಿಯೊಂದರಲ್ಲಿ ನಾಮಿನಿಯಾಗಿ ಎಂದೋ ತೀರಿಕೊಂಡ ಅವಳ ತಂದೆಯ ಹೆಸರೇ ಇತ್ತು, ಬದಲಿಸಿದೆವು. ಉಯಿಲು ಬರೆದಾಗ ಅವಳ ಬುದ್ಧಿ ಸ್ಥಿಮಿತದಲ್ಲಿತ್ತು ಎಂದು ವೈದ್ಯರ ಪತ್ರವನ್ನೂ ಜೊತೆಗೆ ಇಟ್ಟೆವು. ಮಾರ್ಫಿನ್ ತೆಗೆದುಕೊಳ್ಳುತ್ತಿದ್ದರಲ್ಲ ಎಂದು ನಾಳೆ ಯಾರೂ ತಕರಾರು ತೆಗೆಯಬಾರದಲ್ಲ. ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಇದೆಯೆಂದು ನೆಮ್ಮದಿಯಾಗಿರಬೇಡಿ: ಕೊಟ್ಟವರು ತೀರಿಕೊಂಡ ಕ್ಷಣವೇ ಅದಕ್ಕೆ ಬೆಲೆಯಿಲ್ಲ. ನನ್ನ ಗೆಳೆಯನೊಬ್ಬ ಅದೊಂದನ್ನೇ ನಂಬಿ ಒಂದು ವರ್ಷ ಅಲೆದ.

ಯಂತ್ರದ ಉಸಿರಾಟ ಬೇಡ, ಎದೆ ಒತ್ತುವುದು ಬೇಡ ಎಂಬುದನ್ನೂ ಅವಳೇ ಬರೆದು ಸಹಿ ಮಾಡಿದಳು. ಅದರ ಪ್ರತಿ ಮಂಚದ ತಲೆದಿಕ್ಕಿನಲ್ಲಿ, ವೈದ್ಯೆಯ ಬಳಿ, ಮಗಳ ಬಳಿ ಇತ್ತು. ಕೊನೆಯ ದಿನ ಉಸಿರು ನಿಂತು ನಿಂತು ಬರುವಾಗ, ಗಂಟಲಲ್ಲಿ ಗೊರಗೊರ ಶುರುವಾದಾಗ, ಆಂಬುಲೆನ್ಸ್ ಎಂದು ಯಾರೋ ಫೋನ್ ಎತ್ತಿದರು. ನಾನು ಆ ಕಾಗದ ತೋರಿಸಿದೆ, ಅವಳನ್ನು ಮೆಲ್ಲಗೆ ಪಕ್ಕಕ್ಕೆ ವಾಲಿಸಿದೆ. ಸದ್ದು ಇಳಿಯಿತು. ಏನೇನಾಗುತ್ತದೆ ಎಂದು ವೈದ್ಯೆ ಮೊದಲೇ ಹೇಳಿದ್ದರು, ಕೈಕಾಲು ತಣ್ಣಗಾಗುವುದು, ಮೊಣಕಾಲು ನೀಲಿಗಟ್ಟುವುದು, ಎಲ್ಲವನ್ನೂ. ಹಾಗಾಗಿ ನನಗೆ ದುಃಖವಿತ್ತು, ದಿಗಿಲಿರಲಿಲ್ಲ.

ಆಮೇಲಿನ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಬೇಕೆನಿಸಿದ್ದಕ್ಕಿಂತ ಎರಡು ಪಟ್ಟು ತೆಗೆದುಕೊಳ್ಳಿ, ನನಗೆ ಹತ್ತು ಹನ್ನೆರಡು ಬೇಕಾದವು. ಪ್ರಮಾಣಪತ್ರದಲ್ಲಿನ ಹೆಸರು ಬ್ಯಾಂಕಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ಎಂದು ಅಲ್ಲೇ ನಿಂತು ನೋಡಿ. ಅವಳ ಮೊಬೈಲ್ ಸಂಖ್ಯೆಯನ್ನು ಆರು ತಿಂಗಳಾದರೂ ಜೀವಂತ ಇಡಿ; ಖಾತೆ ಮುಚ್ಚುವುದು, ಚಂದಾ ನಿಲ್ಲಿಸುವುದು ಎಲ್ಲದರ ಒಟಿಪಿ ಬರುವುದು ಅಲ್ಲಿಗೇ. ವಿಮೆಯ ಹಣ ಮೊದಲ ಸಲ ತಿರಸ್ಕೃತವಾಯಿತು, ಹಳೆಯ ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂಬ ನೆಪ. ಎರಡನೇ ಅರ್ಜಿಯಲ್ಲಿ ಪೂರ್ತಿ ಬಂತು. ಕಾಗದಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ, ಪತ್ರ ಹೇಗೆ ಶುರುಮಾಡಿದೆ ಎಂಬುದನ್ನು ಇಲ್ಲಿ ಹಾಕುವುದಿಲ್ಲ, ಎಲ್ಲರೂ ಅದೇ ಪತ್ರ ಕಳಿಸಿದರೆ ಅದರ ಬಲ ಹೋಗುತ್ತದೆ. ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆದದ್ದೇ ಅದರ ಬುನಾದಿ ಎಂದಷ್ಟು ಹೇಳಬಲ್ಲೆ.

ಉಳಿದ ಮಾರ್ಫಿನ್ ಮಾತ್ರೆಗಳನ್ನು ಮನೆಯಲ್ಲಿಡಬೇಡಿ, ಇನ್ನೊಬ್ಬರಿಗೆ ಕೊಡಬೇಡಿ. ನಾನು ಎಣಿಸಿ, ಪುಸ್ತಕದಲ್ಲಿ ಬರೆದು, ಕೊಟ್ಟ ಔಷಧಾಲಯಕ್ಕೇ ಒಪ್ಪಿಸಿ ರಸೀದಿ ತೆಗೆದುಕೊಂಡೆ. ಬಾಡಿಗೆ ಮಂಚ ಅದೇ ವಾರ ಹೋಯಿತು, ಆಮ್ಲಜನಕದ ಯಂತ್ರಕ್ಕೆ ಕೊಂಡ ಬೆಲೆಯ ಅರ್ಧ ಸಿಕ್ಕಿತು.